ಬೊಗ್ಗುವಿನ ಶಾಂತಿಪಾಠ

ಮೂಡುಬಿದಿರೆಯ ಬಸದಿ ಬೀದಿಯಲ್ಲಿ ಅಹಿಂಸೆಯನ್ನು ಅತಿ ದೊಡ್ಡ ದನಿಯಲ್ಲಿ ಬೋಧಿಸುತ್ತಿದ್ದವರು ಜವಳಿ ಅಂಗಡಿಯ ಮುನಿರಾಜರು. ಶಿಷ್ಯ, ಅವರ ನಾಯಿ ಬೊಗ್ಗು. ಪಾಠದ ಹೊತ್ತು, ಸಂಜೆಯ ವಾಕಿಂಗ್. ಸ್ಕೂಟರ್ ಕಂಡರೆ ಸಾಕು, ಬೊಗ್ಗು ಹಗ್ಗ ಹರಿಯುವಂತೆ ಎಗರಿ ಬೊಗಳುತ್ತಿತ್ತು. "ಶಾಂತ! ಶಾಂತ ಅಂತ ಹೇಳಿದ್ದಲ್ವಾ ನಿನಗೆ!" ಎಂದು ಮುನಿರಾಜರು ಅದಕ್ಕಿಂತ ಜೋರಾಗಿ ಅರಚುತ್ತಿದ್ದರು. ಇಬ್ಬರಲ್ಲಿ ಯಾರನ್ನು ಕಟ್ಟಿಹಾಕಬೇಕೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಮೀನು ಮಾರುವ ನವಾಝ್ ಸ್ಕೂಟರ್ ಸಮೇತ ಚರಂಡಿಗಿಳಿದ ದಿನ ಮುನಿರಾಜರು ತೀರ್ಪು ಕೊಟ್ಟರು: "ಬೊಗಳುವುದು ಈ ತಿಂಗಳೊಳಗೆ ನಿಲ್ಲದಿದ್ದರೆ ಅಳದಂಗಡಿಯ ಭಾವನ ಮನೆಗೆ. ಅಲ್ಲಿ ಸಂಕೋಲೆ ಉಂಟು."

ಬೊಗ್ಗುವನ್ನು ಮರಿಯಾಗಿದ್ದಾಗ ಸೆರಗಿನಲ್ಲಿ ಸುತ್ತಿ ತಂದಿದ್ದ ಹೆಂಡತಿ ತ್ರಿಶಲಾಗೆ ಅಂದು ಊಟ ಸೇರಲಿಲ್ಲ. ಬಂಟ್ವಾಳದ ನಾಯಿ ತರಬೇತುದಾರ ಜಿತೇಶನಿಗೆ ಫೋನ್ ಮಾಡಿದಳು.

"ನಾಯಿಯನ್ನು ಹಸಿವಲ್ಲೇ ಕರ್ಕೊಂಡು ಹೋಗಿ ಅಕ್ಕ. ಸ್ಕೂಟರ್ ದೂರ ಇರುವಾಗ್ಲೇ ಒಂದು ತುಂಡು ಕೋಳಿ ಕೊಡಿ."

"ನಾವು ಜೈನರು ಮಾರಾಯ!"

"ಹಾಗಾದ್ರೆ... ಪುಂಡಿ ಕೊಟ್ಟು ನೋಡುವ."

ಅಕ್ಕಿ ರುಬ್ಬಿ ಉಂಡೆ ಕಟ್ಟಿ ಬೇಯಿಸಿದ ಪುಂಡಿ ಬೊಗ್ಗುವಿಗೆ ಒಪ್ಪಿತು. ಬೆಳಿಗ್ಗೆ ತ್ರಿಶಲಾಳ ಜೊತೆ ಅದು ಸ್ಕೂಟರ್ ನೋಡಿ, ಪುಂಡಿ ನೋಡಿ, ಮೌನವ್ರತ ಹಿಡಿಯಿತು. ಸಂಜೆ ಮುನಿರಾಜರ ಜೊತೆ, ಅದೇ ಪುಂಡಿ ಕೈಯಲ್ಲಿದ್ದರೂ, ವ್ರತಭಂಗ. ಒಂದು ಸಂಜೆ ಅವಳು ಹಿಂದಿನಿಂದಲೇ ಹೋಗಿ ನೋಡಿದಳು.

ಗಂಡನ ಕಣ್ಣು ರಸ್ತೆಯ ಮೇಲಿರಲಿಲ್ಲ, ಸೂರ್ಯನ ಮೇಲಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಂಗಡಿಯಿಂದ ಹಸಿದು ಬಂದವರು ವಾಕಿಂಗ್ ಮುಗಿಸಿಯೇ ಊಟಕ್ಕೆ ಕೂರಬೇಕು. ಎದುರಿಗೆ ಸ್ಕೂಟರ್ ಕಂಡರೆ, "ಇನ್ನು ಇದು ಬೊಗಳಿ, ನನ್ನ ಊಟ ಹಾಳು" ಎಂದು ಹಲ್ಲು ಕಚ್ಚಿ ಹಗ್ಗ ಬಿಗಿಯುತ್ತಿದ್ದರು. ಬೊಗ್ಗು ಬೊಗಳುತ್ತಿದ್ದುದು ಆಮೇಲೆ.

ಮರುದಿನ ಸಂಜೆ ಅವಳು ವಾಕಿಂಗಿಗೆ ಮೊದಲೇ ಗಂಡನಿಗೆ ಊಟದ ಬಟ್ಟಲಿಟ್ಟಳು.

"ನಾಯಿಯ ವಾಕಿಂಗ್ ಆಗದೆ ಎಂತ ಊಟ?"

"ಉಣ್ಣಿ ಮಾರಾಯ್ರೆ. ಹಸಿದಿರಬೇಕಾದ್ದು ನಾಯಿ ಅಂತ ಜಿತೇಶ ಹೇಳಿದ್ದು, ನೀವಲ್ಲ."

ಮುನಿರಾಜರು ತೇಗುತ್ತಾ ಹೊರಟರು. ಕೈಯ ಹಗ್ಗ ಜೋತು ಬಿದ್ದಿತ್ತು. ತಿರುವಿನಲ್ಲಿ ನವಾಝ್ ಬಂದ, ಒಂದು ಕಾಲನ್ನು ಚರಂಡಿಗೆ ಸಿದ್ಧವಾಗಿಯೇ ಇಟ್ಟುಕೊಂಡು. ಗೇಟಿನ ಬಳಿ ತ್ರಿಶಲಾ ಣಮೋಕಾರ ಮಂತ್ರ ಜಪಿಸತೊಡಗಿದಳು. ಬೊಗ್ಗು ಸ್ಕೂಟರ್ ನೋಡಿತು, ಯಜಮಾನರ ಕೈಯ ಪುಂಡಿ ನೋಡಿತು, ಕುಳಿತಿತು.

"ಎಂತ ಧಣಿಗಳೇ, ನಾಯಿ ಬದಲಾಯಿಸಿದಿರಾ?"

"ತರಬೇತಿ ಮಾರಾಯ! ಪ್ರಾಣಿಯ ಮನಸ್ಸು ತಿಳಿದವರಿಗೆ ಮಾತ್ರ ಆಗುವ ಕೆಲಸ."

ತ್ರಿಶಲಾ ಒಳಗೆ ಹೋಗಿ ನಾಳೆಗೆ ಅಕ್ಕಿ ನೆನೆಹಾಕಿದಳು, ನಾಯಿ, ಯಜಮಾನ ಇಬ್ಬರಿಗೂ ಆಗುವಷ್ಟು.