ಲೋಟದಡಿಯ ಉಂಗುರ

ಡ್ರಮ್ಮು ತಿರುಗುತ್ತಿದೆ, ಒಳಗೆ ಚೀಟಿಗಳು ಒಂದರ ಮೇಲೊಂದು ಬೀಳುವ ಮೆತ್ತಗಿನ ಸದ್ದು, ಮುಂದಿನ ಚುನಾವಣೆಗೆ ಯಾವ ಸೀಟು ಯಾರಿಗೆ ಮೀಸಲು ಎಂದು ಠಾಣೆ ಮಹಾನಗರಪಾಲಿಕೆಯ ಇಷ್ಟೂ ನಗರಸೇವಕರ ಹಣೆಬರಹ ಆ ಪ್ಲಾಸ್ಟಿಕ್ ಡ್ರಮ್ಮಿನೊಳಗೆ, ಪಕ್ಕದಲ್ಲಿ ಜಯೇಶ್, ನನ್ನ ಹತ್ತಿರ ಲೆಕ್ಕ ಕಲಿತು ಫೇಲಾಗಿ ಈಗ ನನ್ನ ಪ್ರಚಾರ ನೋಡಿಕೊಳ್ಳುವವನು, ಕಣ್ಣು ಮುಚ್ಚಿ ಗಣಪತಿಯನ್ನು ಕರೆಯುತ್ತಿದ್ದಾನೆ, ನಮ್ಮ ವಾರ್ಡು ವರ್ತಕ ನಗರ ಓಪನ್ನೇ ಬರ್ಲಿ ಬಪ್ಪಾ, ಸಂಕರ್ಷಣ ಸರ್ರೇ ನಿಲ್ಲಲಿ — ಬರಲಿ ಅಂದರೆ ಬರುತ್ತದೆಯೇ ಹುಚ್ಚಪ್ಪ, ಅರ್ಧಕ್ಕರ್ಧ ಹೆಂಗಸರಿಗೆ, ಎರಡರಲ್ಲಿ ಒಂದು, ಇದನ್ನೇ ಅಲ್ಲವೇ ನಿನಗೆ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಗಂಟಲು ಹೋದದ್ದು, ಮತ್ತು ಇವನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಬೆಳಿಗ್ಗೆ ದೇವರ ಮುಂದೆ ನಾನು ಬೇಡಿಕೊಂಡದ್ದು ಮಹಿಳಾ ಮೀಸಲು ಎಂಬ ಚೀಟಿಯನ್ನೇ, ಸಾಕಾಯಿತಪ್ಪ, ಗಟಾರ, ಮಂಟಪದ ಪರವಾನಿಗೆ, ಸಾಹೇಬ್ ನೀರು ಯಾವಾಗ, ನಾಳೆ ಬರುತ್ತದೆ ಅನ್ನಬೇಕು, ಮೊದಲ ಸಭೆಯಲ್ಲಿ ನಾಳೆ ಎನ್ನಲು ಆಧಾರವಿಲ್ಲ ಎಂದುಬಿಟ್ಟಿದ್ದೆ, ಇಡೀ ಗಲ್ಲಿ ನಕ್ಕಿತ್ತು, ಸುಳ್ಳು ಹೇಳಲು ಬಾರದ ಮಾಸ್ತರ ಎಂದು ಗೆಲ್ಲಿಸಿಯೂ ಬಿಟ್ಟಿತು, ಆಮೇಲೆ ಸುಳ್ಳೂ ಬಂತು.

ಗುರುವಾರ, ಆಹಾ ಆ ಗುರುವಾರಗಳು, ವಾಗ್ಳೆ ಎಸ್ಟೇಟ್‌ನಲ್ಲಿ ಅಪ್ಪನ ಹೋಟೆಲಿನ ಹಿಂದಿನ ಮೇಜು, ಕಾರ್ಖಾನೆಯ ಶಿಫ್ಟ್ ಬಿಟ್ಟ ಗದ್ದಲ, ಸಾಂಬಾರಿನ ಹಬೆ, ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಕಾಯುತ್ತಿದ್ದೆ, ಪ್ರೇಮನಾಥ ಡೊಂಬಿವಲಿಯ ಲೋಕಲ್‌ನಲ್ಲಿ ಜಜ್ಜಿಹೋಗಿ ಬರುತ್ತಿದ್ದ, ಅವನೂ ಗಣಿತದ ಮಾಸ್ತರ, ನನಗಿಂತ ಹತ್ತು ಪಟ್ಟು ಚುರುಕು, ತಣ್ಣೀರಿನ ಸ್ಟೀಲ್ ಲೋಟ ಎತ್ತಿದರೆ ಕಪ್ಪು ಸನ್ಮೈಕಾದ ಮೇಲೆ ನೀರಿನ ಉಂಗುರ, ಅದೇ ನಮ್ಮ ವೃತ್ತ, ಬೆರಳದ್ದಿ ಅದರ ಮೇಲೆ ಬಿಂದು ಇಡುತ್ತಿದ್ದ, ಬಿಂದುವಿನಿಂದ ಬಿಂದುವಿಗೆ ಗೆರೆ, ವಾರವಾರವೂ ಬಿಡಿಸಲಾಗದ ಅದೇ ಒಂದು ಲೆಕ್ಕ, ಕಾಗದ ತೆಗೆಯೋ ಅಂದರೆ ಬೇಡ ಮಾರಾಯ, ಕಾಗದ ಸಿಕ್ಕಿದ್ರೆ ಉದಾಸೀನ ಬರ್ತದೆ, ಮೇಲೆ ಫ್ಯಾನ್ ಉಂಟಲ್ಲ, ಬೇಗ ಯೋಚನೆ ಮಾಡು, ಬೇಗ, ಒಣಗ್ತದೆ — ಒಣಗಿಯೇ ಬಿಡುತ್ತಿತ್ತು, ಕೊನೆಯ ಗೆರೆ ಬಾಕಿ ಇರುವಾಗಲೇ, ಗಲ್ಲಾದಿಂದ ಅಪ್ಪನ ಗೊಣಗಾಟ, ಒಂದು ಚಾ ಕುಡಿದು ಸಂಜೆಯಿಡೀ ಮೇಜು ಹಿಡಿಯುವವ ನನ್ನ ಮಗನೇ ಆಗ್ಬೇಕಾ, ನಾನು ಮೊದಲ ಸಲ ನಾಮಪತ್ರ ಹಾಕಿದ ದಿನ ಪ್ರೇಮನಾಥ ನಕ್ಕಿದ್ದ, ಹೋಗು, ಜನ ನಿನ್ನನ್ನು ಬಿಡ್ಲಿಕ್ಕಿಲ್ಲ, ಒಂದು ದಿನ ಮೀಸಲಿನ ಚೀಟಿ ಬಿಡ್ತದೆ, ಕೊನೆಯ ಗೆರೆ ನನಗೆ ಗೊತ್ತಾಗಿದೆ, ಆದ್ರೆ ಹೇಳುದಿಲ್ಲ, ನೀನು ಬಂದ ಮೇಲೆ ಒಟ್ಟಿಗೆ ಎಳೆಯುವ — ಮೈಕಿನಲ್ಲಿ ಏನೋ, ನಮ್ಮ ವಾರ್ಡಿನ ನಂಬರು, ಚೀಟಿ ಬಿಚ್ಚುತ್ತಿದ್ದಾರೆ, ಮಹಿಳಾ.

ಮಹಿಳಾ, ಅಯ್ಯೋ ದೇವರೇ, ಬಂತು, ಜಯೇಶ್ ನನ್ನ ಭುಜ ಹಿಡಿದಿದ್ದಾನೆ, ಸರ್ ಟೆನ್ಶನ್ ನಕೋ, ವಹಿನೀಂನಾ ಉಭಂ ಕರೂ, ನನ್ನ ಹೆಂಡತಿಯನ್ನು ನಿಲ್ಲಿಸುವುದಂತೆ, ಸತ್ಯಭಾಮೆ ಬೆಳಿಗ್ಗೆಯೇ ದೋಸೆ ಮಗುಚುತ್ತಾ ಹೇಳಿದ್ದಾಳೆ, ನನ್ನ ಫೋಟೊ ಬ್ಯಾನರಿಗೆ ಹಾಕಿಸಿದ್ರೆ ಅವತ್ತೇ ಉಡುಪಿ ಬಸ್ಸು ಹತ್ತುತ್ತೇನೆ, ನಗು ಬರುತ್ತಿದೆ, ಎಷ್ಟು ಹಗುರ, ರಜೆ ಬಿಟ್ಟ ಶಾಲೆಯ ಮಕ್ಕಳ ಹಾಗೆ, ಬೆರಳು ತಾನಾಗಿಯೇ ಫೋನಿನಲ್ಲಿ ಹೆಸರು ಹುಡುಕಿದೆ, ಪ್ರೇಮನಾಥ, ಬಂತು ಮಾರಾಯ ಚೀಟಿ, ಈ ಗುರುವಾರವೇ — ಬೆರಳು ಅಲ್ಲೇ ನಿಂತಿತು, ಹೋದ ಜೂನ್‌ನಲ್ಲಿ ಡೊಂಬಿವಲಿಯ ಸ್ಮಶಾನಕ್ಕೆ ಅವನನ್ನು ಹೊತ್ತವನು ನಾನೇ ಅಲ್ಲವೇ, ಮಳೆಗೆ ಒದ್ದೆ ಕಟ್ಟಿಗೆ ಹತ್ತಿಕೊಳ್ಳದೆ ಎಲ್ಲರೂ ನನ್ನತ್ತ ನೋಡಿದ್ದರು, ನಗರಸೇವಕರಲ್ಲವೇ ಏನಾದರೂ ಮಾಡಿ ಎಂದು, ಜಯೇಶ್ ನೀರು ಕೊಡುತ್ತಾನೆ, ಸರ್ ಕುಡೀರಿ, ಮುಖ ಬಿಳಚಿದೆ, ಕುಡಿದು ತೊಡೆಯ ಮೇಲಿನ ಕಪ್ಪು ಫೈಲಿನ ಮೇಲೆ ಲೋಟ ಇಡುತ್ತೇನೆ, ಎತ್ತುತ್ತೇನೆ, ಉಂಗುರ, ಬೆರಳದ್ದಿ ಒಂದು ಬಿಂದು, ಎದುರಿಗೆ ಇನ್ನೊಂದು, ಕೊನೆಯ ಗೆರೆ ಎಲ್ಲಿಂದ ಎಲ್ಲಿಗೆ ಮಾರಾಯ, ಎ.ಸಿ. ಗಾಳಿ ನೇರ ಇಲ್ಲಿಗೇ ಬೀಸುತ್ತಿದೆ, ಒಂದು ಬದಿಯಿಂದ ತೆಳ್ಳಗಾಗುತ್ತಿದೆ ಉಂಗುರ, ಬೇಗ, ಒಣಗ್ತದೆ, ಬೇಗ —