ಟೈಲರಕ್ಕ ಬೈಕ್ ಕಲಿತದ್ದು

ಕಾಲು ಮುರಿದುಕೊಳ್ಳಲು ಬೈಕೇ ಬೇಕೆಂದೇನಿಲ್ಲ, ಮನೆಯ ಸ್ಟೂಲೂ ಸಾಕು. ಟೈಲರಕ್ಕನ ಗಂಡ ಬೇಕರಿಯಲ್ಲಿ ಕೆಲಸ ಮಾಡುವವನು. ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದ. ಇಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡ. ಮೂಳೆ ಎರಡು ಕಡೆ ಮುರಿದು, ಈಗ ಪ್ಲಾಸ್ಟರ್ ಹಾಕಿಸಿಕೊಂಡು ಹಾಸಿಗೆಯಲ್ಲಿದ್ದಾನೆ.

ಪೇಚಿಗೆ ಸಿಕ್ಕಿದ್ದು ಮಾತ್ರ ಟೈಲರಕ್ಕ. ಊರಾಚೆಯ ಆಸ್ಪತ್ರೆಗೆ ದಿಂಬಿನ ಕವರು, ಹಾಸಿಗೆ ಬಟ್ಟೆ, ರೋಗಿಗಳ ಗೌನು ಎಲ್ಲವನ್ನೂ ಹೊಲಿದುಕೊಡುವವಳು ಅವಳೇ. ಆ ಕೆಲಸ ಹಿಡಿಯಲು ಅವಳು ಸವೆಸಿದ ಚಪ್ಪಲಿಗೆ ಲೆಕ್ಕವಿಲ್ಲ. ಪ್ರತಿ ವಾರ ಗಂಟು ಕಟ್ಟಿಕೊಟ್ಟರೆ ಗಂಡ ಬೈಕಿನಲ್ಲಿ ಮುಟ್ಟಿಸುತ್ತಿದ್ದ. ಈಗ ಗಂಟು ಮೂಲೆಯಲ್ಲಿ, ಬೈಕು ಅಂಗಳದಲ್ಲಿ, ಗಂಡ ಹಾಸಿಗೆಯಲ್ಲಿ. ಆ ಕಡೆಗೆ ಬಸ್ಸಿಲ್ಲ. ಬಾಡಿಗೆ ಗಾಡಿ ಹಿಡಿದರೆ ಹೊಲಿಗೆ ಕೂಲಿಯೆಲ್ಲ ಅದಕ್ಕೇ ಸರಿಹೋಗುತ್ತದೆ. ಆಸ್ಪತ್ರೆಯ ಸ್ಟೋರಿನವರು ಫೋನ್ ಮಾಡಿ ಮೆತ್ತಗೆ ಹೇಳಿದ್ದರು: "ಎರಡು ತಿಂಗಳು ಹಳೇ ಬಟ್ಟೆಯಲ್ಲೇ ಸುಧಾರಿಸ್ತೀವಮ್ಮ. ಅಷ್ಟರೊಳಗೆ ನೀವು ತಂದುಕೊಡದಿದ್ರೆ ಬೇರೆಯವರಿಗೆ ಹೇಳ್ಬೇಕಾಗುತ್ತೆ."

"ನಾನೇ ಬೈಕ್ ಕಲೀತೀನಿ" ಎಂದಳು ಟೈಲರಕ್ಕ.

"ಕಲಿ, ಕಲಿ" ಎಂದು ಅತ್ತೆ ಮೂಗು ಮುರಿದರು. "ಆಮೇಲೆ ನಿನ್ನನ್ನೂ ನನ್ನ ಮಗನ ಪಕ್ಕದಲ್ಲೇ ಮಲಗಿಸ್ತೀನಿ. ಇಬ್ಬರಿಗೂ ಒಟ್ಟಿಗೇ ಊಟ ತಂದಿಟ್ರೆ ನನಗೂ ಓಡಾಟ ಕಮ್ಮಿ."

ಮೊದಲ ಪಾಠ ಹೇಳಿದವನು ಗಂಡ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕಾಲನ್ನು ಬಕೆಟ್ ಮೇಲೆ ಇಟ್ಟುಕೊಂಡು ಗುರುಗಳು ಶುರು ಮಾಡಿದರು. "ಕ್ಲಚ್ ಹಿಡಿ! ಗೇರ್ ಹಾಕು! ಈಗ ಕ್ಲಚ್ ಬಿಡು! ಏ, ಬಿಡ್ಬೇಡ! ಬಿಡು ಅಂದ್ರೆ ಮೆಲ್ಲಗೆ ಬಿಡು ಕಣೆ!"

ಇಷ್ಟು ಮಂತ್ರ ಮುಗಿಯುವ ಮೊದಲೇ ಬೈಕು ನೆಗೆಯಿತು. ಟೈಲರಕ್ಕನ ಜೀವ ಬಾಯಿಗೆ ಬಂತು. ನಿಲ್ಲಿಸಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ನಿಲ್ಲಿಸಲು ನೋಡಿದಷ್ಟೂ ಬೈಕು ಜೋರಾಗಿ ಓಡಿತು. ಎದುರು ಮನೆಯ ಮೇಷ್ಟ್ರು ಬಟ್ಟೆ ಒಣಹಾಕಿದ್ದ ಹಗ್ಗದೊಳಗೆ ನುಗ್ಗಿ, ಒಂದಿಷ್ಟು ಟವೆಲು, ಲುಂಗಿಗಳನ್ನು ಸುತ್ತಿಕೊಂಡು, ಉಸಿರುಗಟ್ಟಿದ ಹಾಗೆ ನಿಂತು, ನಿಧಾನವಾಗಿ ಪಕ್ಕಕ್ಕೆ ಒರಗಿತು. ಟೈಲರಕ್ಕ ಎದ್ದು ನಿಂತಾಗ ಅವಳ ಹೆಲ್ಮೆಟ್ಟಿನ ಮೇಲೆ ಮೇಷ್ಟ್ರ ಪಟ್ಟೆ ಚಡ್ಡಿ ಇತ್ತು.

ಮೇಷ್ಟ್ರು ಓಡಿ ಬಂದವರು ಮುಖ ಆ ಕಡೆ ತಿರುಗಿಸಿ ನಿಂತರು. "ಪೆಟ್ಟಾಗಿಲ್ಲ ತಾನೇ ತಾಯಿ? ಹಾಗಾದ್ರೆ... ಅದೊಂದನ್ನ ಕೊಟ್ಟುಬಿಡಿ."

ಬೀದಿಯಲ್ಲಿ ಎಲ್ಲರ ಮನೆಯ ಕಿಟಕಿಗಳೂ ತೆರೆದಿದ್ದವು. ಮೊಣಕಾಲು ತರಚಿದ್ದಕ್ಕಿಂತ ಮರ್ಯಾದೆ ತರಚಿದ್ದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು. ಒಳಗೆ ಬಂದು ಹೊಲಿಗೆ ಮೆಷಿನ್ನಿನ ಮುಂದೆ ಕೂತು, "ನನ್ನ ಕೈಲಿ ಆಗಲ್ಲ" ಎಂದಳು. ಮೂಲೆಯ ಗಂಟು ನೋಡಿ ಅವಳಿಗೆ ಅಳು ಬಂತು.

ಮರುದಿನ ಗಂಡನ ಕಾಲು ನೋಡಲು ನರ್ಸಮ್ಮ ಬಂದರು. ದಿನಾ ಬೈಕಿನಲ್ಲೇ ಮನೆಮನೆಗೆ ಹೋಗಿ ಮಕ್ಕಳಿಗೆ ಚುಚ್ಚುಮದ್ದು ಹಾಕಿ ಬರುವವರು ಅವರು. ಚಡ್ಡಿಯ ಕಥೆ ಅವರಿಗೆ ಬೀದಿಯ ತುದಿಯಲ್ಲೇ ಸಿಕ್ಕಿತ್ತು. ನಗು ತಡೆದುಕೊಂಡು ಕೇಳಿದರು: "ಅಕ್ಕಾ, ಕಲಿಯೋರ ಲೈಸೆನ್ಸ್ ಮಾಡಿಸಿದ್ದೀರಾ?"

"ಹೂಂ, ಮಾಡಿಸಿದ್ದೀನಿ. ಇನ್ನು ಅದನ್ನ ಚೌಕಟ್ಟು ಹಾಕಿ ಗೋಡೆಗೆ ತೂಗು ಹಾಕ್ಬೇಕು, ಅಷ್ಟೆ."

"ಅದಿರಲಿ. ಈಗ ಸ್ವಲ್ಪ ಮೆಷಿನ್ ಓಡಿಸಿ."

ಟೈಲರಕ್ಕ ಪೆಡಲ್ ತುಳಿದಳು. ಸೂಜಿ ಟಕಟಕನೆ ಓಡಿತು. ನರ್ಸಮ್ಮ ಇದ್ದಕ್ಕಿದ್ದಂತೆ "ನಿಲ್ಲು!" ಎಂದು ಕಿರುಚಿದರು. ಟೈಲರಕ್ಕನ ಬಲಗೈ ಟಪ್ಪನೆ ಹೋಗಿ ಮೆಷಿನ್ನಿನ ಚಕ್ರವನ್ನು ಅದುಮಿ ಹಿಡಿಯಿತು.

"ನೋಡಿ, ಇಲ್ಲೇ ಇರೋದು ಕಿತಾಪತಿ" ಎಂದರು ನರ್ಸಮ್ಮ. "ಹೊರಡೋಕೆ ಕಾಲಲ್ಲಿ ತುಳಿಯೋದು, ನಿಲ್ಲಿಸೋಕೆ ಬಲಗೈಯಲ್ಲಿ ಗಟ್ಟಿಯಾಗಿ ಹಿಡಿಯೋದು. ಇಷ್ಟು ವರ್ಷದಿಂದ ನಿಮ್ಮ ಕೈಕಾಲು ಕಲಿತಿರೋದು ಇದನ್ನೇ. ಬೈಕಲ್ಲಿ ಎಲ್ಲ ತಿರುಗುಮುರುಗು. ಬಲಗಾಲಲ್ಲಿ ತುಳಿದರೆ ಬ್ರೇಕು. ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಎಳೆದರೆ ಆಕ್ಸಿಲರೇಟರ್ ತಿರುಗುತ್ತೆ. ನೀವು ನಿಲ್ಲಿಸೋಕೆ ಹೋಗಿ ಓಡಿಸಿದ್ದೀರಿ!"

ಟೈಲರಕ್ಕ ತನ್ನ ಬಲಗೈಯನ್ನು ಹೊಸದಾಗಿ ನೋಡಿದಂತೆ ನೋಡಿಕೊಂಡಳು. "ಅಂದ್ರೆ ನಾನು ದಡ್ಡಿ ಅಲ್ವಾ?"

"ದಡ್ಡಿ ಯಾಕಾಗ್ತೀರಿ? ಗಾಬರಿಯಾದಾಗ ಕೈ ತನಗೆ ಗೊತ್ತಿರೋದನ್ನೇ ಮಾಡುತ್ತೆ. ಅದಕ್ಕೆ ಹೊಸದನ್ನ ಕಲಿಸೋಣ. ಮೊದಲು ಓಡಿಸೋದು ಬೇಡ, ನಿಲ್ಲಿಸೋದು ಕಲೀರಿ."

ಅಂಗಳದಲ್ಲಿ ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅವಳನ್ನು ಕೂರಿಸಿದರು. ಯಾರಾದರೂ "ನಿಲ್ಲು" ಎಂದ ಕೂಡಲೇ ಆಕ್ಸಿಲರೇಟರ್ ಪೂರ್ತಿ ಬಿಡಬೇಕು, ಕ್ಲಚ್ ಹಿಡಿಯಬೇಕು, ಮುಂದಿನ ಬ್ರೇಕು ಹಿಂದಿನ ಬ್ರೇಕು ಎರಡನ್ನೂ ಮೆತ್ತಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗಬೇಕು. ಕೊನೆಗೆ ಎಡಗಾಲು ನೆಲಕ್ಕೆ. ಯೋಚನೆ ಮಾಡದೆ ಬರುವ ತನಕ ಇದೇ ಅಭ್ಯಾಸ.

"ಆದರೆ 'ನಿಲ್ಲು' ಅಂತ ಕೂಗೋಕೆ ಒಬ್ಬರು ಬೇಕಲ್ಲ" ಎಂದರು ನರ್ಸಮ್ಮ.

ಅತ್ತೆ ಗಂಟಲು ಸರಿಮಾಡಿಕೊಂಡರು. ಸೊಸೆಯ ಮೇಲೆ ಕೂಗಾಡಲು ಸರಕಾರಿ ನರ್ಸೇ ಅಪ್ಪಣೆ ಕೊಡುವ ಭಾಗ್ಯ ಎಷ್ಟು ಅತ್ತೆಯರಿಗೆ ಸಿಗುತ್ತದೆ ಹೇಳಿ?

ಅಂದಿನಿಂದ ಆ ಮನೆಯಲ್ಲಿ ನೆಮ್ಮದಿ ಎನ್ನುವುದು ಉಳಿಯಲಿಲ್ಲ. ಬೈಕಿನ ಮೇಲೆ ಕೂತಾಗ ಕೂಗುವುದು ಸರಿ. ಟೈಲರಕ್ಕ ಪಾತ್ರೆ ತೊಳೆಯುತ್ತಿದ್ದರೂ "ನಿಲ್ಲು!" ತಲೆ ಬಾಚಿಕೊಳ್ಳುತ್ತಿದ್ದರೂ "ನಿಲ್ಲು!" ಅವಳು ಸೌಟನ್ನೇ ಹ್ಯಾಂಡಲ್ ಎಂದುಕೊಂಡು ಬಲಗೈ ಸಡಿಲ ಬಿಟ್ಟು, ಬೆರಳಲ್ಲಿ ಬ್ರೇಕ್ ಹಿಡಿದು, ಎಡಗಾಲು ಊರುತ್ತಿದ್ದಳು. ಒಂದು ದಿನ ಕೋಲು ಹಿಡಿದು ಬಚ್ಚಲಿಗೆ ಹೊರಟಿದ್ದ ಗಂಡನೂ ಗಕ್ಕನೆ ನಿಂತುಬಿಟ್ಟ. "ನಿನಗಲ್ಲ ಕಣೋ, ನೀನು ಹೋಗು" ಎಂದರು ಅತ್ತೆ.

ಕೈ ಪಳಗಿದ ಮೇಲೆ ನರ್ಸಮ್ಮ ರಜೆಯ ದಿನ ಶಾಲೆಯ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದರು. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುವುದು, ಬೈಕು ಹೊರಡಲು ತವಕಿಸಿದ ಜಾಗದಲ್ಲೇ ಹಿಡಿದುಕೊಳ್ಳುವುದು, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡೇ ತೆವಳುವುದು. ಮೈದಾನದ ನಡುವೆ ಒಂದೇ ಒಂದು ಕಂಬವಿತ್ತು. ಅಷ್ಟು ದೊಡ್ಡ ಮೈದಾನ ಬಿಟ್ಟು ಟೈಲರಕ್ಕನ ಬೈಕು ಆ ಕಂಬವನ್ನೇ ಹುಡುಕಿಕೊಂಡು ಹೋಗುತ್ತಿತ್ತು.

"ಕಂಬ ನೋಡ್ಬೇಡಿ ಅಕ್ಕಾ! ಕಣ್ಣು ಎಲ್ಲಿಗೋ ಗಾಡಿಯೂ ಅಲ್ಲಿಗೇ. ಹೋಗಬೇಕಾದ ಕಡೆ ನೋಡಿ!"

ಕಣ್ಣು ಎತ್ತಿದಳು. ಕಂಬ ತನ್ನ ಪಾಡಿಗೆ ಹಿಂದೆ ಉಳಿಯಿತು. ಅವಳ ಮುಖ ಅರಳಿದ್ದು, ಕೂಗಲೆಂದು ಜೊತೆಗೆ ಬಂದು ಮೈದಾನದ ಅಂಚಿನಲ್ಲಿ ಕೂತಿದ್ದ ಅತ್ತೆಗೂ ಕಾಣಿಸಿತು.

ಆಮೇಲೆ ಜನ ಕಮ್ಮಿ ಇರುವ ಗಲ್ಲಿ, ಆಮೇಲೆ ದೊಡ್ಡ ರಸ್ತೆ, ನರ್ಸಮ್ಮನ ಬೈಕು ಯಾವಾಗಲೂ ಹಿಂದೆ. ಟೈಲರಕ್ಕ ತನಗಾಗಿ ದಪ್ಪ ಬಟ್ಟೆಯ ಪ್ಯಾಂಟೊಂದನ್ನು ಹೊಲಿದುಕೊಂಡು, ಮೊಣಕಾಲಿಗೆ ಪದರದ ಮೇಲೆ ಪದರ ಕೊಟ್ಟಳು. ಪಕ್ಕಾ ಲೈಸೆನ್ಸ್ ಪರೀಕ್ಷೆಯಲ್ಲಿ ಒಂದು ಸಲ ಫೇಲಾದಳು. ಇನ್ನೊಂದು ಸಲ ಹೋಗಿ ಪಾಸಾದಳು. ಫೇಲಾದದ್ದಕ್ಕೆ ಯಾರೂ ಸಾಯಲಿಲ್ಲ, ಮೇಷ್ಟ್ರು ಮಾತ್ರ ಬಟ್ಟೆಯ ಹಗ್ಗವನ್ನು ಹಿತ್ತಲಿಗೆ ಬದಲಾಯಿಸಿದರು.

ಗಡುವು ಮುಗಿಯುವ ವಾರ ಬಂತು. ಟೈಲರಕ್ಕ ಗಂಟನ್ನು ಸೀಟಿಗೆ ಅಂಟಿದ ಹಾಗೆ ತಗ್ಗಾಗಿ ಬಿಗಿದು ಕಟ್ಟಿ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡು, ಮೊದಲ ಸಲ ಒಬ್ಬಳೇ ಹೊರಟಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ಅಂಗಡಿ ಸಾಲಿನ ಬಳಿ ನಿಂತಿದ್ದ ವ್ಯಾನಿನ ಬಾಗಿಲು ಇದ್ದಕ್ಕಿದ್ದಂತೆ ಅವಳ ಮುಂದೆಯೇ ತೆರೆಯಿತು. ಟೈಲರಕ್ಕನಿಗೆ ಯೋಚಿಸಲು ಪುರಸೊತ್ತಿರಲಿಲ್ಲ. ಬಲಗೈ ತಾನೇ ಸಡಿಲವಾಯಿತು. ಬ್ರೇಕು ಬಿಗಿಯಾಯಿತು. ಎಡಗಾಲು ನೆಲ ಮುಟ್ಟಿತು. ಬಾಗಿಲಿಗೂ ಬೈಕಿನ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

"ತಪ್ಪಾಯ್ತಮ್ಮಾ, ನೋಡ್ಲಿಲ್ಲ" ಎಂದ ವ್ಯಾನಿನವನು, ಬಿಳಿಚಿಕೊಂಡು.

ಅವಳ ಕೈಕಾಲು ನಡುಗುತ್ತಿದ್ದವು. ನಡುಗುತ್ತಲೇ ಓಡಿಸಬಾರದು ಎಂದು ನರ್ಸಮ್ಮ ಹೇಳಿದ್ದರು. ಪಕ್ಕಕ್ಕೆ ನಿಲ್ಲಿಸಿ, ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಹೊರಟಳು. ಆಸ್ಪತ್ರೆಯ ಸ್ಟೋರಿನವರು ಗಂಟು ಬಿಚ್ಚಿ, ಹೊಲಿಗೆ ನೋಡಿ, "ಮುಂದಿನ ವಾರದ್ದೂ ನಿಮ್ಮದೇ" ಎಂದಾಗ ಅಲ್ಲೇ ಕಣ್ಣೊರೆಸಿಕೊಂಡಳು.

ಸೊಸೆ ಕಥೆ ಹೇಳಿದ್ದೇ ತಡ, ಅತ್ತೆ ಬೀದಿಗೆಲ್ಲ ಟಾಂಟಾಂ ಹೊಡೆದರು. "ನಾನು ಕೂಗಿ ಕೂಗಿ ತಯಾರು ಮಾಡಿದ ಕೈ ಅದು!" ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆ ಬಟ್ಟೆ ಉಟ್ಟು, ಮಗನ ಹೆಲ್ಮೆಟ್ ಹಾಕಿಕೊಂಡು, ಬೈಕಿನ ಪಕ್ಕ ಬಂದು ನಿಂತರು. ನೋಡಲು ಅರ್ಧ ಬೀದಿ ಸೇರಿತ್ತು. "ನಡಿ, ನನ್ನ ತಂಗಿ ಮನೆಗೆ ಬಿಡು. ಹಿಂದಿನಿಂದ ನಾನು ಹೇಳ್ತಾ ಇರ್ತೀನಿ, ನೀನು ಓಡಿಸ್ತಾ ಇರು."

ಇಷ್ಟು ಜನರ ಮುಂದೆ ಅತ್ತೆಗೆ ಇಲ್ಲ ಎನ್ನುವುದೆಂದರೆ ವ್ಯಾನಿನ ಬಾಗಿಲಿಗಿಂತ ದೊಡ್ಡ ಕಂಟಕ.

"ಆಗಲ್ಲ ಅತ್ತೆ" ಎಂದಳು ಟೈಲರಕ್ಕ. "ಗಂಟು ಕಟ್ಟಿಕೊಂಡು ಓಡಿಸೋಕೆ ಬರುತ್ತೆ. ಜನರನ್ನ ಕೂರಿಸಿಕೊಂಡು ಓಡಿಸೋಷ್ಟು ಕೈ ಇನ್ನೂ ಕುದುರಿಲ್ಲ. ಕುದುರಿದ ದಿನ ನಾನೇ ಬಂದು ಕರೀತೀನಿ."

ಅತ್ತೆಯ ಮುಖ ಕೆಂಪಗಾಯಿತು. ಹೆಲ್ಮೆಟ್ ತೆಗೆದರು. ಸೊಸೆಯನ್ನೇ ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಬೀದಿಯ ಕಡೆ ತಿರುಗಿದರು.

"ನನ್ನ ಮಗ ಹೊಸದಾಗಿ ಬೈಕ್ ತಂದಾಗಲೂ ನಾನು ಹಿಂಗೇ ಬಂದು ನಿಂತೆ. ಅವನಿಗೆ ಸರಿಯಾಗಿ ಓಡಿಸೋಕೆ ಬರ್ತಿರಲಿಲ್ಲ. ಬರಲ್ಲ ಅನ್ನೋಕೆ ನಾಚಿಕೆ. ಕೂರಿಸಿಕೊಂಡು ಹೋಗಿ ಇಬ್ಬರೂ ಚರಂಡಿಗೆ ಬಿದ್ವಿ. ನನ್ನ ಸೊಂಟ ಇವತ್ತಿಗೂ ನೋಯುತ್ತೆ. ಧೈರ್ಯ ಅಂದ್ರೆ ಇವಳದು ನೋಡಿ, ಅತ್ತೆಗೇ ಆಗಲ್ಲ ಅಂದಳು!"

"ಅಮ್ಮಾ!" ಎಂದು ಒಳಗಿನಿಂದ ಗಂಡ ಕೂಗಿದ. "ಅದನ್ನ ಯಾಕೆ ಈಗ ಊರಿಗೆಲ್ಲ ಹೇಳ್ತಿದ್ದೀಯ!"

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೈಕು ಕಲಿಯಬೇಕೆಂದು ಆಸೆಪಟ್ಟು ಹೆದರಿ ಕೂತವರು ಇರಬಹುದು. ಅವರನ್ನು ನೋಡಿ ನಗಬೇಡಿ, ಒಟ್ಟೊಟ್ಟಿಗೆ ಹತ್ತು ಮಾತು ಹೇಳಿ ಗಾಬರಿ ಮಾಡಬೇಡಿ. ಲೈಸೆನ್ಸ್ ಮಾಡಿಸಿ, ಹೆಲ್ಮೆಟ್ ಹಾಕಿಸಿ, ಗೊತ್ತಿರುವವರನ್ನು ಜೊತೆಗೆ ಕಳಿಸಿ. ಕಲಿಯುವವರೇ, ನೀವು ಮೊದಲು ನಿಲ್ಲಿಸುವುದನ್ನು ಕಲಿಯಿರಿ, ಆಮೇಲೆ ಓಡಿಸುವುದನ್ನು. ಬಿದ್ದರೆ ನಾಚಬೇಡಿ. ಇನ್ನೂ ಬರದ ಕೆಲಸಕ್ಕೆ "ಇವತ್ತು ಆಗಲ್ಲ" ಎಂದು ಬಾಯಿಬಿಟ್ಟು ಹೇಳಿ, ಕೇಳುವವರು ಯಾರೇ ಆಗಿರಲಿ.