ತೌಡಿನ ಶಾಖ

ಚೈತ್ರಳಿಗೊಂದು ಚಟವಿತ್ತು: ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುವುದು. ದೇವನಹಳ್ಳಿ ಕಡೆಯ ಔಷಧ ಸಂಶೋಧನಾಲಯದಲ್ಲಿ ಅವಳ ಕೆಲಸವೂ ಅಂಥದ್ದೇ. ಮಾರ್ಫಿನ್ ಜಾತಿಯ ಔಷಧಗಳು ನರಕೋಶದ ಯಾವ ಗ್ರಾಹಕದಲ್ಲಿ ಹೋಗಿ ಕೂರುತ್ತವೆ ಎಂದು ಕಂಪ್ಯೂಟರಿನಲ್ಲಿ ಹೊಂದಿಸಿ ನೋಡಬೇಕು.

ಅಪ್ಪ ಅಪ್ಪಯ್ಯಣ್ಣನಿಗೆ ಮೂಳೆಯ ಕ್ಯಾನ್ಸರ್. ನೋವಿಗೆಂದು ಹೆಗಲ ಮೇಲೆ, ಅದೇ ಜಾತಿಯ ಔಷಧವನ್ನು ಚರ್ಮದ ಮೂಲಕ ನಿಧಾನವಾಗಿ ಮೈಗಿಳಿಸುವ ಫೆಂಟನಿಲ್ ಪಟ್ಟಿ ಅಂಟಿಸಿದ ದಿನ, ದೊಡ್ಡಬೆಳವಂಗಲದ ಮನೆಯಲ್ಲಿ ಸೋದರತ್ತೆ ಅಮ್ಮಯಮ್ಮನಿಗೂ ಪಾಠವಾಯಿತು.

"ಗ್ರಾಹಕ ಅಂದ್ರೆ ಒರಳು ಅಂದ್ಕೊ ಅತ್ತೆ. ಮ್ಯೂ, ಕಪ್ಪಾ, ಡೆಲ್ಟಾ ಅಂತ ಮೂರಿದಾವೆ. ಗುಣಿ ಹೆಚ್ಚುಕಮ್ಮಿ ಒಂದೇ ಥರ, ಅಂಚಲ್ಲಿ ಒಂದೆರಡು ಉಬ್ಬು ಮಾತ್ರ ಬೇರೆ. ಅಷ್ಟಕ್ಕೇ ಒಂದರ ಗುಂಡು ಇನ್ನೊಂದರಲ್ಲಿ ಸರಿಯಾಗಿ ಕೂರಲ್ಲ. ಈ ಔಷಧಿ ಮ್ಯೂದಲ್ಲಿ ಕೂತು ತಿರುಗುತ್ತೆ, ನೋವು ನಿಲ್ಲುತ್ತೆ. ಉಸಿರಾಟದ ಜಾಗದಲ್ಲೂ ಅದೇ ಒರಳಿದೆ. ಜಾಸ್ತಿ ಆದ್ರೆ ಉಸಿರೂ ನಿಲ್ಲುತ್ತೆ."

"ಅದೇನೋ ಕಣವ್ವ. ಅವನ ನೋವು ಹೋದ್ರೆ ಸಾಕು" ಎಂದಳು ಅಮ್ಮಯಮ್ಮ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಚೈತ್ರ ಮನೆಗೆ ಬಂದಾಗ ಅಪ್ಪನ ತುಟಿ ನೀಲಿಗಟ್ಟಿತ್ತು. ಉಸಿರು ಯಾವಾಗಲೋ ಒಮ್ಮೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಅಮ್ಮಯಮ್ಮ ಬಾಣಲೆಯಲ್ಲಿ ಹುರಿದ ತೌಡನ್ನು ಗಂಟು ಕಟ್ಟಿ, ಪಟ್ಟಿಯ ಮೇಲೆಯೇ ಒತ್ತುತ್ತಿದ್ದಳು.

"ಬೆಳಗಿಂದ ಶಾಖ ಕೊಡ್ತಿದೀನಿ. ಈಗ ನೋಡು, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದಾನೆ."

ಬಿಸಿಗೆ ಪಟ್ಟಿಯ ಔಷಧವೆಲ್ಲ ಒಮ್ಮೆಲೇ ಮೈಗಿಳಿದಿತ್ತು. ಚೈತ್ರ ಪಟ್ಟಿ ಕಿತ್ತೆಸೆದು, ಅಪ್ಪನನ್ನು ಕಾರಿನಲ್ಲಿ ಮಲಗಿಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಒಯ್ದಳು.

ಡಾಕ್ಟರ್ ಜಬೀನ್ ನಲೋಕ್ಸೋನ್ ಇಂಜೆಕ್ಷನ್ ಕೊಟ್ಟರು. ಅದೂ ಅದೇ ಗುಣಿಗೆ ಒಪ್ಪುವ ಗುಂಡು. ಕೂತದ್ದನ್ನು ಎಬ್ಬಿಸಿ ತಾನು ಕೂರುತ್ತದೆ, ಆದರೆ ತಿರುಗುವುದಿಲ್ಲ. ಎರಡೇ ನಿಮಿಷಕ್ಕೆ ಉಸಿರು ಬಂತು. ಅದರ ಬೆನ್ನಿಗೇ ನೋವೂ ಬಂತು. ಅಪ್ಪಯ್ಯಣ್ಣ ಮಂಚದ ಕಂಬಿ ಹಿಡಿದು ಅರಚಿದ. ಅಪ್ಪ ಹಾಗೆ ಅರಚಿದ್ದನ್ನು ಚೈತ್ರ ಎಂದೂ ಕೇಳಿರಲಿಲ್ಲ.

"ಪಟ್ಟಿ ಹಾಕವ್ವ."

"ಈಗ ಆಗಲ್ಲಪ್ಪ. ಉಸಿರು ಮತ್ತೆ ನಿಂತೋಗುತ್ತೆ."

"ನಿಂತ್ರೆ ನಿಲ್ಲಲಿ. ಹಾಯಾಗಿತ್ತು. ಯಾಕೆ ಎಬ್ಬಿಸ್ದೆ?"

ಬಾಗಿಲಲ್ಲಿ ಅಮ್ಮಯಮ್ಮ ನಿಂತಿದ್ದಳು. ಅವಸರದಲ್ಲಿ ತೌಡಿನ ಗಂಟನ್ನೂ ಹಿಡಿದುಕೊಂಡೇ ಬಂದುಬಿಟ್ಟಿದ್ದಳು.

"ಶಾಖ ಕೊಡಬಾರ್ದಾಗಿತ್ತಾ? ನೀನು ಹೇಳಿದ್ಯೇನವ್ವ? ನಾನೇ ಮರೆತ್ನಾ?"

ಮೂರು ಒರಳಿನ ಕಥೆಯನ್ನು ಚೈತ್ರ ಅಂಚಿನ ಉಬ್ಬೂ ಬಿಡದೆ ಹೇಳಿದ್ದಳು.

"ಇಲ್ಲ ಅತ್ತೆ" ಎಂದಳು. "ಅದೊಂದು ಹೇಳಿರ್ಲಿಲ್ಲ."